ಜೆಂಬೆಯ ಅಂಚು ನೋಡಿ ಊರು ಹೇಳುವ ಕೆಲಸ

ಜೆಂಬೆ ಎಂದರೆ ಕೈಯಿಂದ ಬಾರಿಸುವ ಆಫ್ರಿಕಾದ ಮದ್ದಳೆ. ಚರ್ಮ ಬದಲಿಸಲೆಂದು ನನ್ನ ಬಳಿಗೆ ಬರುವ ಜೆಂಬೆಗಳಲ್ಲಿ ಹೆಚ್ಚಿನವು ತಮ್ಮ ಊರು, ಕುಲ ಎರಡನ್ನೂ ಹೇಳಿಕೊಂಡೇ ಬರುತ್ತವೆ. "ಇದು ಗಿನಿಯ ಲೆಂಕೆ ಮರದ್ದು ಸಾರ್, ಅಸಲಿ" ಎನ್ನುತ್ತಾರೆ ತಂದವರು. ಮಾರಿದವನು ಹಾಗೆಂದಿರುತ್ತಾನೆ, ಅವನಿಗೆ ಮಾರಿದವನೂ ಹಾಗೆಂದಿರುತ್ತಾನೆ. ನಾನು ತಲೆಯಾಡಿಸಿ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ, ಆದರೆ ಪ್ರಶ್ನಾರ್ಥಕ ಚಿಹ್ನೆ ಸೇರಿಸಿ. ಹೇಳಿದ ಹೆಸರನ್ನು ನಾನು ಕಟ್ಟಕಡೆಯ ಸಾಕ್ಷಿಯಾಗಿ ಇಟ್ಟುಕೊಳ್ಳುತ್ತೇನೆ. ಮೊದಲ ಸಾಕ್ಷಿ ಮರದ ಅಡ್ಡಮುಖ, ಅಂದರೆ ಕಾಂಡವನ್ನು ಅಡ್ಡ ಕೊಯ್ದಾಗ ಕಾಣುವ ಮುಖ, ಎರಡನೆಯದು ಒಳಗೋಡೆಯ ಮೇಲಿನ ಉಳಿಯ ಗುರುತು. ಆಕಾರ, ಕೆತ್ತನೆ, ಬಣ್ಣ ಇವೆಲ್ಲ ಆಮೇಲೆ.

ಜೆಂಬೆ ಪಶ್ಚಿಮ ಆಫ್ರಿಕಾದ ಮಾಂಡೆ ಭಾಷಿಕರ ವಾದ್ಯ. ಇಂದಿನ ಮಾಲಿ ಮತ್ತು ಗಿನಿ ಅದರ ತವರು. ಐವರಿ ಕೋಸ್ಟ್, ಬುರ್ಕಿನಾ ಫಾಸೊ, ಸೆನೆಗಲ್‌ಗಳಿಗೂ ಅದು ಹಬ್ಬಿದೆ. ಒಂದೇ ದಿಮ್ಮಿಯನ್ನು ಕೊಡಲಿಯಿಂದ ಒರಟಾಗಿ ಕಡಿದು, ಹಸಿಯಿರುವಾಗಲೇ ಎರಡೂ ತುದಿಗಳಿಂದ ಒಳಗೆ ತೋಡಿ, ಬಾಚಿ ಮತ್ತು ಉಳಿಗಳಿಂದ ರೂಪಕ್ಕೆ ತರುತ್ತಾರೆ. ಮೇಲೆ ಬಟ್ಟಲು, ಕೆಳಗೆ ಕೊಳವೆಯಂಥ ಕಾಲು. ಬಾಯಿಗೆ ಮೇಕೆಯ ಚರ್ಮ. ಸಂಪ್ರದಾಯದಲ್ಲಿ ಇದನ್ನು ಕೆತ್ತುವವರು ನುಮು ಎಂಬ ಕಮ್ಮಾರ ಕುಲದವರು. ಕಬ್ಬಿಣವೂ ಮರವೂ ಒಂದೇ ಮನೆತನದ ಕೈಯಲ್ಲಿರುವುದು ನಮ್ಮ ವಿಶ್ವಕರ್ಮರ ಊರುಗಳಲ್ಲಿ ಬೆಳೆದವರಿಗೆ ಹೊಸದೆನಿಸುವುದಿಲ್ಲ.

ದಿಮ್ಮಿ ನೆಟ್ಟಗೆ ನಿಂತಂತೆಯೇ ಜೆಂಬೆಯಾಗುತ್ತದೆ. ಹಾಗಾಗಿ ಬಾಯಿಯ ಅಂಚು ಮತ್ತು ಪಾದದ ಅಂಚು ಎರಡೂ ಮರದ ಅಡ್ಡಮುಖವೇ ಆಗಿರುತ್ತವೆ. ಮರದ ಜಾತಿ ತಿಳಿಯಲು ಬೇಕಾದದ್ದು ಆ ಮುಖವೇ. ಚರ್ಮ ತೆಗೆಯದಿದ್ದರೂ ಪಾದದ ಅಂಚು ಸಿಗುತ್ತದೆ. ಅನೇಕ ಜೆಂಬೆಗಳಲ್ಲಿ ಆ ಅಂಚಿಗೆ ಹಳೆಯ ಟೈರಿನ ಪಟ್ಟಿ ಹೊಡೆದಿರುತ್ತಾರೆ. ಒಂದೆರಡು ಮೊಳೆ ಎಬ್ಬಿಸಿ ಪಟ್ಟಿಯನ್ನು ಮಡಚಿದರೆ ಸಾಕು. ಹೊಸ ಬ್ಲೇಡಿನಿಂದ ಅಂಚಿನ ಒಳಬದಿಯಲ್ಲಿ ಉಗುರಗಲದಷ್ಟು ಜಾಗವನ್ನು ಒಂದೇ ಎಳೆತದಲ್ಲಿ ಕೊಯ್ಯುತ್ತೇನೆ. ಉಪ್ಪುಕಾಗದ ಹಾಕಬಾರದು, ಅದರ ಧೂಳು ರಂಧ್ರಗಳಲ್ಲಿ ತುಂಬಿಕೊಂಡು ಎಲ್ಲವನ್ನೂ ಒಂದೇ ಕಂದು ಮಾಡಿಬಿಡುತ್ತದೆ. ಕೊಯ್ದ ಜಾಗಕ್ಕೆ ಒಂದು ಹನಿ ನೀರು ಸವರಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದು, ಪಾದವನ್ನು ಬೆಳಕಿಗೆ ತಿರುಗಿಸುತ್ತೇನೆ.

ಮೊದಲ ಪ್ರಶ್ನೆ ಆಫ್ರಿಕಾದ ಯಾವ ದೇಶದ್ದು ಎಂಬುದಲ್ಲ, ಆಫ್ರಿಕಾದ್ದು ಹೌದೋ ಅಲ್ಲವೋ ಎಂಬುದು. ಅಂಗಡಿಗಳಲ್ಲಿ ಸಿಗುವ ಜೆಂಬೆಗಳಲ್ಲಿ ಇಂಡೊನೇಷ್ಯಾದವು ಬಹಳ. ಅವು ಹೆಚ್ಚಾಗಿ ಅಲ್ಲಿ ನೆಟ್ಟು ಬೆಳೆಸಿದ ಅಮೆರಿಕ ಮೂಲದ ಮಹಾಗನಿಯವು. ಆಫ್ರಿಕಾದ ಮಹಾಗನಿ ಎಂದು ಕರೆಸಿಕೊಳ್ಳುವ ಖಾಯಾ ಕೂಡ ಅದೇ ಬೇವಿನ ಕುಟುಂಬದ್ದು. ಬಣ್ಣವೂ ಅದೇ ಕೆಂಪು ಕಂದು. ಬರಿಗಣ್ಣಿಗೆ ಎರಡೂ ಒಂದೇ. ಗಾಜಿನಡಿಯಲ್ಲಿ ಹಾಗಲ್ಲ. ಅಮೆರಿಕದ ಮಹಾಗನಿಯಲ್ಲಿ ಪ್ರತಿ ಬೆಳವಣಿಗೆಯ ಸುತ್ತಿನ ಕೊನೆಗೂ ಒಂದು ತೆಳು ಬಿಳಿ ಗೆರೆ ಇರುತ್ತದೆ, ಅಂಚಿನುದ್ದಕ್ಕೂ ಕಮಾನಿನಂತೆ ಸಾಗುತ್ತದೆ. ಖಾಯಾದಲ್ಲಿ ಆ ಗೆರೆ ಕಾಣುವುದಿಲ್ಲ, ಚದುರಿದ ರಂಧ್ರಗಳು ಮತ್ತು ಅವುಗಳಲ್ಲಿ ಕೆಲವನ್ನು ತುಂಬಿದ ಗಾಢ ಅಂಟು ಮಾತ್ರ. ಇನ್ನೊಂದು ಗುರುತು ಹೊರಮೈಯಲ್ಲಿದೆ. ಇಡೀ ಕಾಂಡದಿಂದ ತೆಗೆದ ಜೆಂಬೆಯ ಹೊರಮೈ ಸುತ್ತಲೂ ಬೆಳವಣಿಗೆಯ ಸುತ್ತುಗಳಿಗೆ ಸಮಾಂತರ. ಅಲ್ಲಿ ವಾರ್ನಿಷ್ ಇಲ್ಲದ ಜಾಗವನ್ನು ಓರೆ ಬೆಳಕಿನಲ್ಲಿ ನೋಡಿದರೆ ಅಮೆರಿಕದ ಮಹಾಗನಿಯಲ್ಲಿ ಸಾಮಾನ್ಯವಾಗಿ ನಾರಿಗೆ ಅಡ್ಡವಾಗಿ ಒತ್ತೊತ್ತಾದ ಸಣ್ಣ ಅಲೆಗಳ ಸಾಲು ಕಾಣುತ್ತದೆ. ಖಾಯಾದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಬಿಳಿ ಗೆರೆಯೂ ಅಲೆಯೂ ಎರಡೂ ಕಂಡವೆಂದರೆ ಒಳಗೆ ಟಾರ್ಚ್ ಬಿಡುತ್ತೇನೆ. ಲೇತ್‌ನಲ್ಲಿ ಕಡೆದ ಒಳಗೋಡೆಯಲ್ಲಿ ಗೆರೆಗಳು ಸಮಾನಾಂತರ ಬಳೆಗಳಂತೆ ಇರುತ್ತವೆ, ಗೋಡೆಯ ದಪ್ಪ ಎಲ್ಲ ಕಡೆಯೂ ಒಂದೇ. ಕೈಯಿಂದ ತೋಡಿದ ಗೋಡೆಯಲ್ಲಿ ಉಳಿಯ ಹೊಡೆತಗಳು ಓರೆಯಾಗಿ, ಸುರುಳಿಯಾಗಿ ಇಳಿಯುತ್ತವೆ. ಬಾಯಿಯ ವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆದರೆ ಒಂದಿಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಪಕ್ಕಾ ವೃತ್ತವಾದ ಜೆಂಬೆ ಕಂಡಾಗ ನನಗೆ ಅನುಮಾನವೇ ಮೊದಲು. ಇಂಡೊನೇಷ್ಯಾದ ಜೆಂಬೆಗಳು ಕೆಟ್ಟವೆಂದು ನಾನು ಹೇಳುವುದಿಲ್ಲ, ಶಾಲಾ ಮಕ್ಕಳಿಗೆ ಕಲಿಸಲು ಅವು ಸಾಕು. ಗಿನಿಯ ಬೆಲೆಗೆ ಜಾವಾದ ಮರವನ್ನು ಮಾರುವುದಷ್ಟೇ ನನಗೆ ಸಹಿಸದು.

ಆಫ್ರಿಕಾದ್ದೇ ಎಂದು ಖಾತ್ರಿಯಾದ ಮೇಲೆ ತೂಕದ ಸರದಿ. ಇಡೀ ಜೆಂಬೆಯನ್ನು ತೂಗುವುದರಿಂದ ಪ್ರಯೋಜನ ಕಡಿಮೆ, ಕಬ್ಬಿಣದ ಉಂಗುರಗಳೂ ಗೋಡೆಯ ದಪ್ಪವೂ ಲೆಕ್ಕ ಕೆಡಿಸುತ್ತವೆ. ಮಾಲೀಕರು ಒಪ್ಪಿದರೆ ಪಾದದ ಒಳಗಿನಿಂದ ಬೆಂಕಿಕಡ್ಡಿಗಿಂತ ತುಸು ದಪ್ಪದ ಒಂದು ಸಮ ಕಡ್ಡಿ ಸೀಳಿ, ಒಣಗಿಸಿ, ಕಿರಿದಾದ ಗಾಜಿನ ಕೊಳವೆಯ ನೀರಿನಲ್ಲಿ ನೆಟ್ಟಗೆ ಇಳಿಬಿಡುತ್ತೇನೆ. ಎಷ್ಟು ಭಾಗ ಮುಳುಗಿತೋ ಅದೇ ನೀರಿಗೆ ಹೋಲಿಸಿದ ಸಾಂದ್ರತೆ. ಅರ್ಧದಷ್ಟು ಮುಳುಗಿದರೆ ಹಗುರ ಮರ. ಮುಕ್ಕಾಲು ದಾಟಿದರೆ ಲೆಂಕೆ, ಗೆನಿಯಂಥ ಗಟ್ಟಿ ಮರಗಳ ಗುಂಪು. ಹೆಚ್ಚುಕಡಿಮೆ ಪೂರ್ತಿ ಮುಳುಗಿದರೆ ಗೆಲೆ ಇರಬಹುದು, ಅದು ಪ್ರೊಸೋಪಿಸ್ ಆಫ್ರಿಕಾನಾ, ಉಳಿಯ ಬಾಯಿಯನ್ನೇ ಮೊಂಡು ಮಾಡುವ ಮರ. ಕಡ್ಡಿ ಬೇಗ ನೀರು ಕುಡಿಯುತ್ತದೆ, ಇಳಿಬಿಟ್ಟ ಕೂಡಲೇ ಗುರುತು ಹಾಕಿಕೊಳ್ಳಬೇಕು.

ಲೆಂಕೆ ಎಂದರೆ ಅಫ್ಜೇಲಿಯಾ ಆಫ್ರಿಕಾನಾ. ಅಡ್ಡಮುಖದಲ್ಲಿ ಪ್ರತಿ ರಂಧ್ರಕ್ಕೂ ಎರಡು ಕಡೆ ರೆಕ್ಕೆ ಮೂಡಿದಂತೆ ತಿಳಿಬಣ್ಣದ ವಜ್ರಾಕೃತಿ ಇರುತ್ತದೆ, ಒಮ್ಮೊಮ್ಮೆ ಒಂದರ ರೆಕ್ಕೆ ಇನ್ನೊಂದಕ್ಕೆ ಕೂಡಿಕೊಂಡಿರುತ್ತದೆ. ಕೆಲವು ರಂಧ್ರಗಳಲ್ಲಿ ಹಳದಿ ಪುಡಿ. ಆ ಹಳದಿ ನೀರಿಗೆ ಬಿಡುತ್ತದೆ, ಒದ್ದೆಯಾದ ಬಿಳಿ ಹತ್ತಿಬಟ್ಟೆಯನ್ನು ಹೊಸದಾಗಿ ಕೊಯ್ದ ಅಂಚಿಗೆ ಒತ್ತಿಟ್ಟರೆ ಕಲೆ ಮೂಡುತ್ತದೆ. ಲೆಂಕೆಯೆಂಬ ಹೆಸರು ಹೊತ್ತು ಬಂದು ಬಟ್ಟೆಯನ್ನು ಬಿಳಿಯಾಗಿಯೇ ಬಿಟ್ಟ ಜೆಂಬೆಗಳನ್ನು ನಾನು ಕಂಡಿದ್ದೇನೆ. ಅವುಗಳಲ್ಲಿ ಹಲವು ಖಾಯಾ, ಅಂದರೆ ಜಲಾ. ಅದೇನೂ ಕೀಳು ಮರವಲ್ಲ, ಮಾಲಿಯಲ್ಲಿ ತಲೆಮಾರುಗಳಿಂದ ಬಳಸುವ ಮರ. ಲೆಂಕೆಯ ಹೆಸರಿಗೆ ಬೆಲೆ ಹೆಚ್ಚು, ಅಷ್ಟೇ.

ಗೆನಿ ಕೈಗೆ ಬಂದಾಗ ನನಗೆ ಖುಷಿ ಬೇರೆ. ಅದು ಟೆರೊಕಾರ್ಪಸ್ ಎರಿನೇಸಿಯಸ್, ನಮ್ಮ ಹೊನ್ನೆಯ ಸೋದರ ಜಾತಿ, ರಕ್ತಚಂದನಕ್ಕೂ ನೆಂಟ. ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಹೊನ್ನೆ ಮರದ ಲೋಟದಲ್ಲಿ ನೀರಿಟ್ಟರೆ ಕಂದು ಬಣ್ಣದೊಳಗೆ ಒಂದು ನೀಲಿ ಹೊಳಪು ಸುಳಿಯುವುದನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದಾರೆ. ಈ ಕುಲದ ಹಲವು ಮರಗಳಿಗೆ ಆ ಗುಣವಿದೆ. ಹಾಗಾಗಿ ಒಂದು ಚಿಟಿಕೆ ಹೆರೆಯನ್ನು ನೀರಿಗೆ ಹಾಕಿ, ಕತ್ತಲೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಹಿಡಿಯುತ್ತೇನೆ. ನೀಲಿ ಹೊಳೆದು, ಹೊರಮೈಯಲ್ಲಿ ಅಲೆಗಳ ಸಾಲೂ ಇದ್ದು, ಕಡ್ಡಿಯೂ ಆಳವಾಗಿ ಮುಳುಗಿದರೆ ಗೆನಿ ಎಂದು ಬರೆಯಲು ನನಗೆ ಅಳುಕಿಲ್ಲ. ಹೊಳಪೊಂದನ್ನೇ ನಂಬುವಂತಿಲ್ಲ, ಬೇರೆ ಮರಗಳ ರಸವೂ ಹೊಳೆಯುವುದುಂಟು.

ಹಗುರ ಮರಗಳಲ್ಲಿ ಎರಡು ಮುಖ್ಯ. ಘಾನಾದ ಟ್ವೆನೆಬೊವಾ ಕಾರ್ಡಿಯಾ ಕುಲದ್ದು, ತಿಳಿ ಕಂದು, ಉಳಿಗೆ ಸುಲಭವಾಗಿ ಒಗ್ಗುವಂಥದ್ದು. ಗಾ ಜನರ ಗೂಟ ಹೊಡೆದ ಪ್ಯಾನ್‌ಲೊಗೊ ಮದ್ದಳೆಗಳೂ ಅಕಾನ್ ಜನರ ಮಾತಾಡುವ ಅತುಂಪಾನ್ ಜೋಡಿಯೂ ಅದೇ ಮರದವು. ಅಕಾನ್ ವಾದಕರು ನುಡಿಸುವ ಮೊದಲು ಆ ಮರದ ಚೇತನವನ್ನು ಹೆಸರಿಟ್ಟು ಕರೆಯುತ್ತಾರೆ. ಪ್ರವಾಸಿಗರಿಗೆಂದು ಘಾನಾದಲ್ಲಿ ಮಾಡುವ, ಮೈತುಂಬ ಉಬ್ಬು ಕೆತ್ತನೆಯ ಜೆಂಬೆಗಳೂ ಹೆಚ್ಚಾಗಿ ಅದರಿಂದಲೇ. ಇನ್ನೊಂದು ಮೆಲಿನಾ. ಹುಲ್ಲಿನ ಬಣ್ಣದ, ಮೇಣ ಸವರಿದಂಥ ನುಣುಪಿನ ಈ ಮರ ನಮ್ಮ ಮಲೆನಾಡಿನ ಶಿವನೆ. ಬೇಗ ಬೆಳೆಯುತ್ತದೆಂದು ಗ್ಯಾಂಬಿಯಾ, ನೈಜೀರಿಯಾ ಮೊದಲಾದ ಕಡೆ ಅದನ್ನು ತೋಪುಗಟ್ಟಲೆ ನೆಟ್ಟರು, ಈಗ ಅದು ಅಲ್ಲಿಯ ಸಂತೆಯ ಜೆಂಬೆಯಾಗಿದೆ. ಗ್ಯಾಂಬಿಯಾದಿಂದ ತಂದ ಜೆಂಬೆಯನ್ನು ನೋಡಿ ಇದು ಶಿವನೆ ಎಂದರೆ ಕೇಳಿದವರು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಇಷ್ಟರಿಂದ ಮರದ ಕುಲ ತಿಳಿಯಿತು. ಊರು ತಿಳಿಯಿತೇ? ಬಹುಪಾಲು ಇಲ್ಲ. ಮಾರುವವರು ಮುಚ್ಚಿಡುವುದು ಇಲ್ಲಿಯೇ. ಜಲಾ ಮತ್ತು ಲೆಂಕೆ ಎರಡೂ ಸೆನೆಗಲ್‌ನಿಂದ ಪೂರ್ವಕ್ಕೆ ಬಹುದೂರ, ಹುಲ್ಲುಗಾವಲಿನ ಒಣ ಪಟ್ಟಿಯುದ್ದಕ್ಕೂ ಬೆಳೆಯುತ್ತವೆ. ಮಾಲಿ ಗಿನಿಗಳ ನಡುವಿನ ಗಡಿ ಮರಕ್ಕೆ ಗೊತ್ತಿಲ್ಲ. ಮರ ಹೇಳಬಲ್ಲದ್ದು ಒಣನಾಡೋ ಮಳೆಕಾಡೋ ಎಂಬುದನ್ನು. ಇರೊಕೊ ಅಥವಾ ಟ್ವೆನೆಬೊವಾ ಸಿಕ್ಕರೆ ದಕ್ಷಿಣದ ಕಾಡಿನ ಕಡೆಗೆ, ಅಂದರೆ ಐವರಿ ಕೋಸ್ಟ್, ಘಾನಾದ ಕಡೆಗೆ ನೋಡಬೇಕು. ಇರೊಕೊದ ಒಳಗೆ ಒಮ್ಮೊಮ್ಮೆ ಸುಣ್ಣದ ಗಟ್ಟಿ ಹರಳು ಸಿಕ್ಕಿ ಬ್ಲೇಡಿನ ಬಾಯಿ ಮುರಿಯುತ್ತದೆ, ಮುರಿದ ಬ್ಲೇಡೂ ಒಂದು ಸಾಕ್ಷಿಯೇ. ಹಳದಿ ಕಂದು ಪಟ್ಟೆಯ ದುಗುರಾ ಸಿಕ್ಕರೆ ಮಾಲಿಯನ್ನೂ ಸೆನೆಗಲನ್ನೂ ಒಟ್ಟಿಗೆ ನೆನೆಯುತ್ತೇನೆ. ವೊಲೊಫ್ ಜನರು ಅದನ್ನೇ ಡಿಂಬ್ ಎಂದು ಕರೆದು ತಮ್ಮ ಸಬಾರ್ ಮದ್ದಳೆಗಳನ್ನು ಕೆತ್ತುತ್ತಾರೆ. ಒಂದೇ ಕುಲದೊಳಗಿನ ಜಾತಿಗಳನ್ನು ಬೇರ್ಪಡಿಸುವುದು ಭೂತಗನ್ನಡಿಗೆ ಮೀರಿದ ಕೆಲಸ. ಹಾಗಾಗಿ ನನ್ನ ಚೀಟಿಯಲ್ಲಿ ಅಫ್ಜೇಲಿಯಾ ಎಂದಷ್ಟೇ ಬರೆಯುತ್ತೇನೆ, ಮುಂದಿನ ಪದ ಬರೆಯುವುದಿಲ್ಲ.

ಇನ್ನು ಆಕಾರ. ಐವರಿ ಕೋಸ್ಟ್‌ನ ಬಟ್ಟಲು ನೇರ ಇಳಿಜಾರಾಗಿ ಬಂದು ಕಾಲಿಗೆ ಚೂಪು ಮೂಲೆಯಲ್ಲಿ ಸೇರುತ್ತದೆ, ಮಾಲಿಯದು ದುಂಡು, ಗಿನಿಯದರ ಕಾಲಿನಲ್ಲಿ ಕೆತ್ತನೆಯ ಪಟ್ಟಿ ಎನ್ನುವ ಗುರುತುಗಳು ಚಾಲ್ತಿಯಲ್ಲಿವೆ. ಹಳೆಯ ಜೆಂಬೆಗಳಿಗೆ ಅವು ಒಂದು ಮಟ್ಟಿಗೆ ಹೊಂದುತ್ತವೆ. ಆದರೆ ಫೊಡೆಬಾ ಕೈಟಾ 1952ರಲ್ಲಿ ಪ್ಯಾರಿಸ್‌ನಲ್ಲಿ ಕಟ್ಟಿದ, 1958ರಲ್ಲಿ ಗಿನಿ ಸ್ವತಂತ್ರವಾದ ಮೇಲೆ ಅದರ ರಾಷ್ಟ್ರೀಯ ನೃತ್ಯತಂಡವಾದ ಲೆ ಬ್ಯಾಲೆ ಆಫ್ರಿಕಾನ್ ಜೆಂಬೆಯನ್ನು ಲೋಕಕ್ಕೆ ತೋರಿಸಿತು. ಮುಂದೆ ಮಾಮಾಡಿ ಕೈಟಾ, ಫಾಮುದು ಕೊನಾಟೆಯಂಥ ಗುರುಗಳ ಶಿಷ್ಯರು ಎಲ್ಲ ಖಂಡಗಳಲ್ಲಿ ಹುಟ್ಟಿಕೊಂಡರು. ಮಾಲಿಯ ರಾಜಧಾನಿ ಬಮಾಕೊದ ಕೆತ್ತುವವನು ಈಗ ಗಿರಾಕಿ ಕೇಳಿದ ಆಕಾರ ಕೆತ್ತುತ್ತಾನೆ. ಒಡಲು ಒಂದು ದೇಶದ್ದಾಗಿ, ಚರ್ಮ ಹಗ್ಗ ಉಂಗುರಗಳು ಯುರೋಪಿನಲ್ಲಿ ಕೂಡಿದವುಗಳೂ ಇವೆ. ಆದ್ದರಿಂದ ಆಕಾರ ನೋಡಿ ದೇಶ ಹೇಳುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಅವರು ಎಷ್ಟೇ ಚೆನ್ನಾಗಿ ನುಡಿಸಲಿ.

ಈ ತಲೆನೋವು ಯಾಕೆ ಎಂದು ಕೇಳುವವರಿಗೆ ಈಗ ಕಾನೂನಿನ ಕಾರಣವೂ ಇದೆ. ಗೆನಿ ಮರ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಸಸ್ಯ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಎರಡನೆಯ ಪಟ್ಟಿಯಲ್ಲಿದೆ. 2022ರ ನವೆಂಬರ್‌ನಲ್ಲಿ ಪನಾಮಾದಲ್ಲಿ ನಡೆದ ಸಭೆ ಆಫ್ರಿಕಾದ ಅಫ್ಜೇಲಿಯಾ, ಖಾಯಾ ಮತ್ತು ಟೆರೊಕಾರ್ಪಸ್‌ಗಳನ್ನೂ ಅದಕ್ಕೆ ಸೇರಿಸಿತು. ವಿದೇಶದಿಂದ ಕೆತ್ತಿದ ಒಡಲು ತರಿಸುವವರು ಮರದ ಹೆಸರನ್ನು ಮೊದಲೇ ಬರಹದಲ್ಲಿ ಕೇಳಿ ಪಡೆದು, ಆ ಮರಕ್ಕೆ ಅನುಮತಿ ಬೇಕೋ ಬೇಡವೋ ಎಂಬುದನ್ನು ತಿಳಿದುಕೊಂಡು ಹಣ ಕಳಿಸುವುದು ಒಳ್ಳೆಯದು.

ರಿಪೇರಿಗೆ ಕೊಡುವವರಲ್ಲಿ ನನ್ನದೊಂದು ಕೋರಿಕೆ. ಕೊಡುವ ಮುನ್ನ ಒಳಗೋಡೆಯನ್ನು ಉಜ್ಜಿ ನಯ ಮಾಡಿಸಬೇಡಿ, ವಾರ್ನಿಷ್ ಹೊಡೆಸಬೇಡಿ. ಬಿರುಕು ಬಿಡದಿರಲೆಂದು ಅಲ್ಲಿ ಸವರಿದ ಶಿಯಾ ಬೆಣ್ಣೆಯ ಜಿಡ್ಡು, ಉಳಿಯ ಸಾಲುಗಳು, ಯಾರೋ ಸೀಮೆಸುಣ್ಣದಲ್ಲಿ ಬರೆದ ಅಂಕಿ, ಎಲ್ಲವೂ ನನಗೆ ಬೇಕು. ಬಾಯಿಯ ಅಂಚನ್ನು ಹೊಸದಾಗಿ ದುಂಡಗೆ ಮಾಡಬೇಕಾಗಿ ಬಂದರೆ ಮೊದಲು ಪಾದದ ಕಡೆಯಿಂದ ಕಡ್ಡಿ ತೆಗೆದು ಪೊಟ್ಟಣದಲ್ಲಿಡುತ್ತೇನೆ, ಅದರ ಮೇಲೆ ದಿನಾಂಕ, ತಂದವರು ಹೇಳಿದ ಹೆಸರು ಮತ್ತು ನಾನು ಕಂಡದ್ದನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತೇನೆ.