ಎಡವೋ ಬಲವೋ: ಚಿಂಪಾಂಜಿಗಳ ಕೈ ಎಣಿಸಿದ ದಿನಗಳು

ನಾನು ಎಡಗೈಯವಳು. ಚಿಕ್ಕವಳಿದ್ದಾಗ ಎಡಗೈಲಿ ತುತ್ತು ಎತ್ತಿದರೆ ಅಜ್ಜಿ ಚಟ್ ಅಂತ ಕೈಮೇಲೆ ಹೊಡೆಯುತ್ತಿದ್ದರು. ಹಾಗಾಗಿ ಈಗ ಊಟ ಬಲಗೈಲಿ. ಬರೆಯುವುದು, ತರಕಾರಿ ಹೆಚ್ಚುವುದು, ರಂಗೋಲಿ ಎಳೆಯುವುದು ಎಲ್ಲ ಎಡಗೈಲಿ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಚಾಚುವಾಗ ಮಾತ್ರ ಇವತ್ತಿಗೂ ಒಂದು ಕ್ಷಣ ಗೊಂದಲ.

ಇದನ್ನು ಯಾಕೆ ಮೊದಲೇ ಹೇಳಿದೆ ಅಂದರೆ, ಓದಿನ ದಿನಗಳಲ್ಲಿ ನನಗೆ ಸಿಕ್ಕ ಕೆಲಸವೇ ಅದು: ಚಿಂಪಾಂಜಿಗಳು ಯಾವ ಕೈ ಬಳಸುತ್ತವೆ ಅಂತ ಎಣಿಸುವುದು. ಯುರೋಪಿನ ಒಂದು ಮೃಗಾಲಯ, ಹನ್ನೊಂದು ಚಿಂಪಾಂಜಿಗಳು, ಒಂದು ಚಳಿಗಾಲ. ಮೈಸೂರಿನ ನೆಂಟರಿಷ್ಟರಲ್ಲಿ "ಹುಡುಗಿ ಕೋತಿ ಬಗ್ಗೆ ಓದೋಕೆ ಫಾರಿನ್‌ಗೆ ಹೋಗಿದಾಳೆ" ಅಂತ ಸುದ್ದಿ. ಕೋತಿ ಅಲ್ಲ, ಕೋತಿಗೆ ಬಾಲ ಇರುತ್ತೆ, ಇವು ಬಾಲವಿಲ್ಲದ ವಾನರಗಳು ಅಂತ ಎಷ್ಟು ಸಲ ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ.

ಕೈ ಎಣಿಸಿದರೆ ಏನು ಗೊತ್ತಾಗುತ್ತೆ? ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಜನ ಬಲಗೈಯವರು. ಬಲಗೈಯನ್ನು ಆಡಿಸುವುದು ಮಿದುಳಿನ ಎಡಭಾಗ. ಹೆಚ್ಚಿನವರಲ್ಲಿ ಮಾತು ಹುಟ್ಟುವುದೂ ಎಡಭಾಗದಲ್ಲೇ. 1861ರಲ್ಲಿ ಪಾಲ್ ಬ್ರೋಕಾ ಅನ್ನುವ ಫ್ರೆಂಚ್ ವೈದ್ಯ ಮಾತು ಕಳೆದುಕೊಂಡ ರೋಗಿಯೊಬ್ಬನ ಮಿದುಳನ್ನು ಅವನು ಸತ್ತ ಮೇಲೆ ನೋಡಿದಾಗ ಪೆಟ್ಟು ಕಂಡದ್ದು ಎಡಗಡೆ ಮುಂಭಾಗದಲ್ಲಿ. ಈ ಎಡ-ಬಲದ ಭೇದ ಮನುಷ್ಯನಿಗೆ ಮಾತ್ರ ಇರುವುದು, ಮಾತಿನ ಜೊತೆಗೇ ಬಂದದ್ದು ಅಂತ ತುಂಬಾ ಕಾಲ ನಂಬಿದ್ದರು. ಚಿಂಪಾಂಜಿಗೂ ಅದು ಇದ್ದರೆ ಕಥೆಯೇ ಬೇರೆ ಆಗುತ್ತೆ, ಅಲ್ವಾ?

ಪರೀಕ್ಷೆ ಬಹಳ ಸರಳ. ವಿಲಿಯಂ ಹಾಪ್ಕಿನ್ಸ್ ಅನ್ನುವ ಅಮೆರಿಕದ ಸಂಶೋಧಕ 1990ರ ದಶಕದಲ್ಲಿ ರೂಪಿಸಿದ್ದು. ಗೇಣುದ್ದದ ಪಿವಿಸಿ ಪೈಪ್ ತೆಗೆದುಕೊಂಡು, ಒಳಗೆ ಕಡಲೆಕಾಯಿ ಬೆಣ್ಣೆ ಸವರಬೇಕು. ಬಾಯಿಟ್ಟು ನೆಕ್ಕಲು ಸಿಗದಷ್ಟು ಒಳಗೆ, ಬೆರಳಿಗೆ ಸಿಗುವಷ್ಟು ಹೊರಗೆ. ಚಿಂಪಾಂಜಿ ಒಂದು ಕೈಲಿ ಪೈಪ್ ಹಿಡಿದು, ಇನ್ನೊಂದು ಕೈಯ ಬೆರಳು ಹಾಕಿ ತೆಗೆದು ತಿನ್ನುತ್ತೆ. ಬೆರಳು ಹಾಕಿದ್ದು ಯಾವ ಕೈ ಅಂತ ಬರೆದುಕೊಂಡರೆ ಆಯಿತು.

ನೆಲದ ಮೇಲೆ ದ್ರಾಕ್ಷಿ ಎಸೆದು ಯಾವ ಕೈಲಿ ಎತ್ತಿಕೊಳ್ಳುತ್ತೆ ನೋಡಿದರೆ ಸಾಲದೇ ಅಂತ ನಾನೂ ಮೊದಲು ಕೇಳಿದ್ದೆ. ಸಾಲದು. ದ್ರಾಕ್ಷಿ ಬಲಕ್ಕೆ ಬಿದ್ದರೆ ಬಲಗೈ, ಎಡಕ್ಕೆ ಬಿದ್ದರೆ ಎಡಗೈ, ಅಷ್ಟೇ. ಎರಡೂ ಕೈ ಸೇರಿ ಬೇರೆ ಬೇರೆ ಕೆಲಸ ಮಾಡಬೇಕಾದಾಗಲೇ ನಿಜವಾದ ಒಲವು ಹೊರಬರುವುದು. ತೆಂಗಿನಕಾಯಿ ತುರಿಯುವಾಗ ಯಾವ ಕೈ ಏನು ಮಾಡುತ್ತೆ ನೋಡಿ, ಗೊತ್ತಾಗುತ್ತೆ.

ತಯಾರಿಗೇ ಒಂದು ವಾರ ಹೋಯಿತು. ಪೈಪಿನ ಅಂಚು ಚೂಪಾಗಿರುತ್ತೆ, ಮರಳು ಕಾಗದದಿಂದ ಉಜ್ಜಿ ಉಜ್ಜಿ ನುಣುಪು ಮಾಡಿದೆ. ಮಾಸ್ಕ್, ಗ್ಲವ್ಸ್ ಕಡ್ಡಾಯ. ನಮಗೆ ಸುಮ್ನೆ ನೆಗಡಿ ಅನ್ನಿಸುವುದು ಅವುಗಳ ಪ್ರಾಣಕ್ಕೇ ಬರಬಹುದು. ನನಗೊಮ್ಮೆ ಗಂಟಲು ಕೆರೆತ ಬಂದು ಐದು ದಿನ ಒಳಗೆ ಬಿಡಲಿಲ್ಲ.

ಪೈಪ್ ಕೊಡುವುದು ಸುಲಭ, ವಾಪಸ್ ಪಡೆಯುವುದೇ ಕಷ್ಟ. ಪಾಲಕರು ಒಂದು ವ್ಯಾಪಾರ ಕಲಿಸಿದ್ದರು: ಪೈಪ್ ಕೊಟ್ಟರೆ ಒಂದು ದ್ರಾಕ್ಷಿ. ಗುಂಪಿನಲ್ಲಿ ಒಬ್ಬ ವಯಸ್ಸಾದ ಹೆಣ್ಣು ಇದ್ದಳು. ಆಕೆಗೆ ನಾನು ಮನಸ್ಸಿನಲ್ಲೇ ದೊಡ್ಡಮ್ಮ ಅಂತ ಹೆಸರಿಟ್ಟಿದ್ದೆ. ಮೂರನೇ ದಿನ ದೊಡ್ಡಮ್ಮ ಪೈಪನ್ನು ಕಚ್ಚಿ ಎರಡು ತುಂಡು ಮಾಡಿದಳು. ಒಂದು ತುಂಡು ಕೊಟ್ಟು ದ್ರಾಕ್ಷಿ ತೆಗೆದುಕೊಂಡಳು. ಎರಡನೆಯದನ್ನು ಕೊಟ್ಟು ಮತ್ತೊಂದು. ಆಮೇಲೆ ದಪ್ಪ ಪೈಪ್ ತಂದೆವು.

ಲೆಕ್ಕ ಹೀಗೆ. ಬಲಗೈ ಎಣಿಕೆಯಿಂದ ಎಡಗೈ ಎಣಿಕೆಯನ್ನು ಕಳೆಯಬೇಕು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಪೂರ್ತಿ ಬಲಗೈ ಆದರೆ +1, ಪೂರ್ತಿ ಎಡಗೈ ಆದರೆ -1, ಎರಡೂ ಸಮ ಆದರೆ 0. ಕೇಳಲು ಐದನೇ ಕ್ಲಾಸಿನ ಗಣಿತ. ಆದರೆ ಯಾವುದನ್ನು 'ಒಂದು' ಅಂತ ಎಣಿಸಬೇಕು? ದೊಡ್ಡಮ್ಮ ಪೈಪ್ ಕೆಳಗಿಡದೆ ಒಂದೇ ಬೆರಳನ್ನು ಇಪ್ಪತ್ತು ಸಲ ಹಾಕಿದರೆ ಅದು ಇಪ್ಪತ್ತೋ, ಒಂದೋ? ಕೈ ಬದಲಿಸುವ ಅವಕಾಶವೇ ಇಲ್ಲದಿದ್ದಾಗ ಇಪ್ಪತ್ತು ಅಂತ ಬರೆದರೆ ಅಂಕಿ ಊದಿಕೊಳ್ಳುತ್ತೆ. ಈ ಒಂದು ವಿಷಯಕ್ಕೆ ಸಂಶೋಧಕರು ವರ್ಷಗಟ್ಟಲೆ ಜಗಳ ಆಡಿದ್ದಾರೆ. ನಾನು ಎರಡೂ ಥರ ಎಣಿಸಿದೆ: ಪ್ರತಿ ಬೆರಳಿಗೂ ಒಂದು, ಪೈಪ್ ಹಿಡಿದು ಬಿಡುವ ತನಕದ ಸರದಿಗೂ ಒಂದು. ಕೆಲಸ ದುಪ್ಪಟ್ಟಾಯಿತು, ಆದರೆ ರಾತ್ರಿ ನೆಮ್ಮದಿಯ ನಿದ್ದೆ ಬಂತು. ಮಧ್ಯೆ ಕಾಲಲ್ಲಿ ಪೈಪ್ ಹಿಡಿದು ಎರಡೂ ಕೈಯ ಬೆರಳು ಹಾಕುವ ಒಬ್ಬ ಪುಂಡನೂ ಇದ್ದ. ಅವನಿಗೆ ಬೇರೆ ಕಾಲಮ್ಮು.

ಇನ್ನು ನನ್ನ ಎಡವಟ್ಟಿನ ಕಥೆ. ಈ ಪದ ಅಷ್ಟು ಸರಿಯಾಗಿ ಒಪ್ಪಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ವಿಡಿಯೊ ನೋಡಿ ಗುರುತು ಹಾಕುವ ಕೆಲಸವನ್ನು ಒಬ್ಬರೇ ಮಾಡಿದರೆ ಯಾರೂ ನಂಬುವುದಿಲ್ಲ. ಇನ್ನೊಬ್ಬರು ಒಂದಷ್ಟು ವಿಡಿಯೊಗಳನ್ನು ಸ್ವತಂತ್ರವಾಗಿ ನೋಡಬೇಕು. ಇಬ್ಬರ ಉತ್ತರ ಎಷ್ಟು ಹೊಂದುತ್ತೆ ಅನ್ನುವುದಕ್ಕೆ ಕಪ್ಪಾ ಅಂತ ಒಂದು ಅಳತೆ ಇದೆ. ಪೂರ್ತಿ ಹೊಂದಿದರೆ 1. ಸುಮ್ನೆ ನಾಣ್ಯ ಚಿಮ್ಮಿದಷ್ಟೇ ಹೊಂದಿದರೆ 0. 0.8 ದಾಟಿದರೆ ಖುಷಿಪಡಬಹುದು. ನಮ್ಮದು ಸೊನ್ನೆಗಿಂತ ಕೆಳಗೆ ಬಂತು! ಅಂದರೆ ನಾಣ್ಯ ಚಿಮ್ಮಿದ್ದರೂ ನಾವು ಇದಕ್ಕಿಂತ ಜಾಸ್ತಿ ಒಪ್ಪುತ್ತಿದ್ದೆವು.

ಒಂದು ಮಧ್ಯಾಹ್ನ ಇಬ್ಬರೂ ಕೂತು ವಿಡಿಯೊ ಹಾಕಿದೆವು. ಚಿಂಪಾಂಜಿ ನಮ್ಮ ಕಡೆ ಮುಖ ಮಾಡಿ ಕೂತಿದೆ. ಅದರ ಬಲಗೈ ಪರದೆಯ ಎಡಗಡೆ ಇದೆ. ನಾನು ಪರದೆಯ ಎಡವನ್ನೇ 'ಎಡ' ಅಂತ ಬರೆದಿದ್ದೆ. ಬೆನ್ನು ಹಾಕಿ ಕೂತ ವಿಡಿಯೊಗಳಲ್ಲಿ ಸರಿ, ಮುಖ ತೋರಿಸಿದವುಗಳಲ್ಲೆಲ್ಲ ತಲೆಕೆಳಗು. ರಾತ್ರಿ ಹನ್ನೊಂದರ ಮೇಲೆ ಕಾಫಿ ಕುಡಿದುಕೊಂಡು ಮಾಡಿದ ಕೆಲಸ. ಎರಡು ವಾರದ ಶ್ರಮ ನೀರಿಗೆ ಹೋಯಿತು. ಅಜ್ಜಿಯ ಹೊಡೆತದಿಂದ ಗಟ್ಟಿಯಾಗಿರಬೇಕಾದ ಎಡ-ಬಲದ ಜ್ಞಾನ ಬೇಕಾದಾಗ ಕೈಕೊಟ್ಟಿತ್ತು.

ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ಪಕ್ಕದಲ್ಲಿ ಒಂದು ಖಾಲಿ ಪೈಪ್ ಇಟ್ಟುಕೊಂಡೆ. ಪ್ರತಿ ವಿಡಿಯೊದಲ್ಲೂ ಚಿಂಪಾಂಜಿ ಕೂತ ಹಾಗೆಯೇ ಮನಸ್ಸಿನಲ್ಲಿ ಕೂತು, ಪೈಪ್ ಹಿಡಿದು ನೋಡಿ, ಆಮೇಲೆ ಬರೆದೆ. ಜೊತೆಗೆ ಗೆಳತಿಯೊಬ್ಬಳು ಅರ್ಧದಷ್ಟು ವಿಡಿಯೊಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊಟ್ಟಳು. ಯಾವುದನ್ನು ತಿರುಗಿಸಿದ್ದಾಳೆ ಅಂತ ಹೇಳಲಿಲ್ಲ. ಕಾರಣ ಇದೆ. ದೊಡ್ಡಮ್ಮ ಎಡಗೈಯವಳು ಅಂತ ನನಗೆ ಅಷ್ಟೊತ್ತಿಗೆ ಗೊತ್ತಾಗಿಬಿಟ್ಟಿತ್ತು. ಗೊತ್ತಿದ್ದರೆ ಕಣ್ಣು ಅದನ್ನೇ ಹುಡುಕುತ್ತೆ. ಎಡಗೈಯವಳಾದ ನನಗಂತೂ ಆಕೆ ಎಡಗೈಯವಳೇ ಆಗಿರಲಿ ಅನ್ನುವ ಆಸೆ ಬೇರೆ. ಎರಡನೇ ಸಲದ ಕಪ್ಪಾ 0.8 ದಾಟಿತು. ದೊಡ್ಡಮ್ಮ ಎಡಗೈಯವಳಾಗಿಯೇ ಉಳಿದಳು.

ಆ ವಾರ ಫೋನಿನಲ್ಲಿ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೆ ಯಾರೂ ಹೇಳಿಕೊಡಲಿಲ್ವೇನೇ?"

ಅಜ್ಜಿ ಕೇಳಿದ ಪ್ರಶ್ನೆ ನಿಜಕ್ಕೂ ದೊಡ್ಡದು. 1997ರಲ್ಲಿ ವಿಲಿಯಂ ಮೆಕ್‌ಗ್ರೂ ಮತ್ತು ಲಿಂಡಾ ಮಾರ್ಚಂಟ್ ಅನ್ನುವ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಕಾಡಿನ ವಾನರಗಳಲ್ಲಿ ಇಡೀ ಗುಂಪು ಒಂದೇ ಕೈಗೆ ವಾಲುತ್ತೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂದರು. ಹಾಗಾದರೆ ಬಂಧನದಲ್ಲಿರುವವು ಬಲಗೈ ಬಳಸುವುದನ್ನು ಬಲಗೈಯ ಪಾಲಕರನ್ನು ನೋಡಿ ನೋಡಿ ಕಲಿತಿರಬಹುದಲ್ಲವೇ? ಹಾಪ್ಕಿನ್ಸ್ ತಂಡ ತಾಯಿ ಸಾಕಿದ ಮರಿಗಳನ್ನೂ ಮನುಷ್ಯರು ಸಾಕಿದ ಮರಿಗಳನ್ನೂ ಹೋಲಿಸಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2011ರಲ್ಲಿ ಇದೇ ಪೈಪ್ ಪರೀಕ್ಷೆಯ 777 ವಾನರಗಳ ಲೆಕ್ಕ ಒಟ್ಟಿಗೆ ಬಂತು. ಚಿಂಪಾಂಜಿ, ಅದರ ಹತ್ತಿರದ ಸಂಬಂಧಿ ಬೊನೊಬೊ, ಗೊರಿಲ್ಲಾ ಬಲಕ್ಕೆ ವಾಲಿದವು. ಒರಾಂಗುಟಾನ್ ಎಡಕ್ಕೆ. ಆ ಒರಾಂಗುಟಾನ್‌ಗಳನ್ನು ನೋಡಿಕೊಳ್ಳುತ್ತಿದ್ದವರೂ ಹೆಚ್ಚಾಗಿ ಬಲಗೈ ಮನುಷ್ಯರೇ ಇದ್ದಿರಬೇಕು, ಅಲ್ವಾ? ನೋಡಿ ಕಲಿತಿದ್ದರೆ ಅವೂ ಬಲಕ್ಕೇ ವಾಲಬೇಕಿತ್ತು. ಹಾಗಂತ ಎಲ್ಲ ಇತ್ಯರ್ಥವಾಯಿತು ಅಂದುಕೊಳ್ಳಬೇಡಿ. ಗೊಂಬೆಯಲ್ಲಿ (ನಮ್ಮ ದಸರಾ ಗೊಂಬೆ ಅಲ್ಲ, ಜೇನ್ ಗುಡಾಲ್ ಚಿಂಪಾಂಜಿಗಳ ಅಧ್ಯಯನಕ್ಕೆ 1960ರಲ್ಲಿ ಹೋದ ಟಾಂಜಾನಿಯಾದ ಕಾಡು) ಕಡ್ಡಿ ಹಾಕಿ ಗೆದ್ದಲು ಹಿಡಿಯುವ ಚಿಂಪಾಂಜಿಗಳು ಎಡಗೈಗೆ ವಾಲಿವೆ ಅಂತ 2005ರಲ್ಲಿ ತಿಳಿಯಿತು. ಕೆಲಸ ಬದಲಾದರೆ ಕೈಯೂ ಬದಲಾಗಬಹುದು.

ಮಿದುಳಿನ ಪುರಾವೆ ಇದಕ್ಕಿಂತ ಗಟ್ಟಿ ಅನ್ನುವುದು ನನ್ನ ಅಭಿಪ್ರಾಯ. ಕಿವಿಯ ಮೇಲ್ಭಾಗಕ್ಕೆ, ಒಳಗೆ ಒಂದು ಮಡಿಕೆ ಇದೆ, ಪ್ಲೇನಮ್ ಟೆಂಪೊರಾಲೆ. ಮಾತು ಕೇಳಿ ಅರ್ಥ ಮಾಡಿಕೊಳ್ಳುವ ಜಾಗದ ಪಕ್ಕದ್ದು. 1968ರಲ್ಲಿ ನೂರು ಮನುಷ್ಯರ ಮಿದುಳುಗಳಲ್ಲಿ 65ರಲ್ಲಿ ಅದು ಎಡಗಡೆ ದೊಡ್ಡದಿತ್ತು. 1998ರಲ್ಲಿ ಪ್ಯಾಟ್ರಿಕ್ ಗ್ಯಾನನ್ ತಂಡ 18 ಚಿಂಪಾಂಜಿ ಮಿದುಳುಗಳನ್ನು ಅಳೆಯಿತು. 17ರಲ್ಲಿ ಎಡವೇ ದೊಡ್ಡದು! ಮಾತೇ ಆಡದ ಪ್ರಾಣಿಗೆ ಮಾತಿನ ಜಾಗ ಯಾಕೆ ಹಾಗಿದೆ? ಬಲಗೈ ಚಿಂಪಾಂಜಿಗಳಲ್ಲಿ ಕೈಯನ್ನು ಆಡಿಸುವ ಮಿದುಳಿನ ಉಬ್ಬು ಎಡಗಡೆ ದೊಡ್ಡದಿರುತ್ತೆ ಅನ್ನುವುದು 2004ರ ಹೊತ್ತಿಗೆ ಗೊತ್ತಾಯಿತು. ಪೈಪಿನ ಲೆಕ್ಕವೂ ಮಿದುಳಿನ ಲೆಕ್ಕವೂ ಕೂಡಿದ್ದು ಅಲ್ಲಿ.

ಚಳಿಗಾಲದ ಕೊನೆಯ ಭಾಗ ಸನ್ನೆಗಳಿಗೆ. ಪೈಪಿಗಿಂತ ನನಗೆ ಇದೇ ಇಷ್ಟ. ಕೈ ಅಲ್ಲಾಡಿಸಿದ್ದೆಲ್ಲ ಸನ್ನೆ ಅಲ್ಲ. ಯಾರಿಗೋ ಅಂತ ಮಾಡಿರಬೇಕು, ಮಾಡಿ ಅವರ ಕಡೆ ನೋಡಬೇಕು, ಉತ್ತರಕ್ಕೆ ಕಾಯಬೇಕು, ಬರದಿದ್ದರೆ ಮತ್ತೆ ಮಾಡಬೇಕು. ಇಷ್ಟಿದ್ದರೆ ಮಾತ್ರ ಬರೆದುಕೊಳ್ಳುವುದು. ಉಗಾಂಡಾದ ಬುಡೊಂಗೊ ಕಾಡಿನಲ್ಲಿ ಕ್ಯಾಥರೀನ್ ಹೊಬೈಟರ್ ಮತ್ತು ರಿಚರ್ಡ್ ಬರ್ನ್ ಹೀಗೆ ಎಣಿಸಿ, 36 ಸನ್ನೆಗಳಿಗೆ 19 ಅರ್ಥಗಳನ್ನು 2014ರಲ್ಲಿ ಪಟ್ಟಿ ಮಾಡಿದರು. ತಾಯಿ ಅಂಗಾಲು ತೋರಿಸಿದರೆ ಮರಿಗೆ 'ಬಾ, ಹತ್ತಿಕೋ' ಅಂತ. ಗಂಡು ಎಲೆಯನ್ನು ಪರಪರ ಹರಿದರೆ ಅದು ಚೆಲ್ಲಾಟ.

ನಾನು ಕಂಡದ್ದು ಅಷ್ಟು ದೊಡ್ಡದಲ್ಲ. ದ್ರಾಕ್ಷಿ ಬಟ್ಟಲು ಹಿಡಿದು ಎದುರು ನಿಂತರೆ ದೊಡ್ಡಮ್ಮ ಅಂಗೈ ಮೇಲೆ ಮಾಡಿ ಕೈ ಚಾಚುತ್ತಿದ್ದಳು, ಸದ್ದಿಲ್ಲದೆ. ಬೆನ್ನು ತಿರುಗಿಸಿ ನಿಂತರೆ ಕೈ ಚಾಚುವುದು ನಿಂತು, ತುಟಿ ಸೇರಿಸಿ 'ಬುರ್ರ್' ಅಂತ ಸದ್ದು. ತಿರುಗಿದ ತಕ್ಷಣ ಮತ್ತೆ ಅಂಗೈ. ನೋಡದವರಿಗೆ ಕೈ ತೋರಿಸಿ ಪ್ರಯೋಜನವಿಲ್ಲ ಅಂತ ಆಕೆಗೆ ಗೊತ್ತು. ಕೈಯೂ ಸದ್ದೂ ಒಟ್ಟಿಗೆ ಬಂದಾಗ ಚಿಂಪಾಂಜಿಗಳು ಬಲಗೈ ಜಾಸ್ತಿ ಬಳಸುತ್ತವೆ ಅಂತ ಹಾಪ್ಕಿನ್ಸ್ ಬರೆದಿದ್ದರು. 2008ರಲ್ಲಿ ಮೂರು ಚಿಂಪಾಂಜಿಗಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಹೀಗೆ ಆಹಾರ ಬೇಡುವಾಗ ಕೆಲಸ ಮಾಡಿದ ಜಾಗಗಳಲ್ಲಿ ಬ್ರೋಕಾ ಗುರುತಿಸಿದ ನಮ್ಮ ಮಾತಿನ ಜಾಗಕ್ಕೆ ಸಮನಾದ ಎಡಭಾಗವೂ ಇತ್ತು. ಮೂರೇ ಪ್ರಾಣಿ, ನಿಜ. ಆದರೂ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಎಡಗೈಯ ದೊಡ್ಡಮ್ಮ ಬೇಡುವಾಗ ಮಾತ್ರ ಹೆಚ್ಚಾಗಿ ಬಲಗೈ ಚಾಚುತ್ತಿದ್ದಳು. ಊಟಕ್ಕೆ ಬಲಗೈ, ಬರೆಯಲು ಎಡಗೈ ಅನ್ನುವ ನನ್ನ ಹಾಗೆಯೇ. ಆಕೆಗೆ ಅಜ್ಜಿ ಇರಲಿಲ್ಲ ಅಷ್ಟೇ.

ಹೋದ ಬಾರಿ ಊರಿಗೆ ಬಂದಾಗ ಮೈಸೂರು ಮೃಗಾಲಯಕ್ಕೆ ಹೋದೆ. ಚಿಕ್ಕಂದಿನಲ್ಲಿ ಅಲ್ಲಿ ಪೋಲೊ ಅನ್ನುವ ಒಂಟಿ ಗೊರಿಲ್ಲಾ ಇದ್ದ. ಆಗ ದೇಶಕ್ಕೆಲ್ಲ ಅವನೊಬ್ಬನೇ ಗೊರಿಲ್ಲಾ. 2014ರಲ್ಲಿ ತೀರಿಕೊಂಡ. ಅವನನ್ನು ಎಷ್ಟೋ ಸಲ ನೋಡಿದ್ದೇನೆ, ಯಾವ ಕೈಲಿ ತಿನ್ನುತ್ತಿದ್ದ ಅನ್ನುವುದು ಮಾತ್ರ ನೆನಪಿಲ್ಲ. ನೋಡಿಯೇ ಇರಲಿಲ್ಲ. 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಾಗಳು ಬಂದವು, ಅದೇ ವರ್ಷ ಒರಾಂಗುಟಾನ್‌ಗಳೂ ಬಂದವು. ಒರಾಂಗುಟಾನ್ ಎದುರು ನಿಂತು, ಬಸ್ ಟಿಕೆಟ್ ಹಿಂದೆ ಗೀಟು ಹಾಕಲು ಶುರು ಮಾಡಿದೆ. ಹಣ್ಣಿನ ಚೂರು ಎತ್ತಿದ ಪ್ರತಿ ಸಲಕ್ಕೂ ಒಂದು ಗೀಟು. ಪಕ್ಕದಲ್ಲಿದ್ದ ಒಬ್ಬ ಹುಡುಗ "ಅಕ್ಕ, ಏನ್ ಬರೀತಿದೀರ?" ಅಂದ. ಹೇಳಿದೆ. ಅವನೂ ಎಣಿಸತೊಡಗಿದ.

ಹದಿನಾಲ್ಕು ಸಲದಲ್ಲಿ ಒಂಬತ್ತು ಎಡ, ಐದು ಬಲ. "ಹಾಗಾದ್ರೆ ಲೆಫ್ಟೀ!" ಅಂದ ಹುಡುಗ. ಹದಿನಾಲ್ಕಕ್ಕೆ ಹನ್ನೊಂದಾದರೂ ಬಂದಿದ್ದರೆ ಯೋಚಿಸಬಹುದಿತ್ತು, ಅದೂ ಪೈಪ್ ಇಲ್ಲದ ಲೆಕ್ಕ, ಹಣ್ಣು ಯಾವ ಕಡೆ ಬಿದ್ದಿತ್ತು ಅಂತಲೂ ಬರೆದುಕೊಂಡಿರಲಿಲ್ಲ ಅಂತ ಅವನಿಗೆ ವಿವರಿಸುತ್ತಾ ಇದ್ದೆ. ಅಷ್ಟರಲ್ಲಿ ಒರಾಂಗುಟಾನ್ ನಮಗೆ ಬೆನ್ನು ಹಾಕಿ ಕೂತಿತು.