ಹೊಸ ಕಂಪ್ಯೂಟರ್ ತರುವ ಮುಂಚೆ ಒಮ್ಮೆ ಧೂಳು ಹೊಡೆಯಿರಿ

ಕಂಪ್ಯೂಟರ್ ಸ್ವಲ್ಪ ನಿಧಾನವಾದರೆ ಸಾಕು, ಈಗಿನವರು ಹೊಸದರ ಬೆಲೆ ನೋಡಲು ಕೂರುತ್ತಾರೆ. ಇಲ್ಲವೇ ವೇಗ ಹೆಚ್ಚಿಸುತ್ತೇವೆ ಎನ್ನುವ ಯಾವುದೋ ಪುಕ್ಕಟೆ ಕ್ಲೀನರ್ ಇಳಿಸಿಕೊಳ್ಳುತ್ತಾರೆ. ಅದೇ ಹಿಂದೆ ಕೂತು ಮೆಮೊರಿ ತಿನ್ನುತ್ತದೆ. ಮೊದಲು ಅಂಥದ್ದನ್ನೆಲ್ಲ ಕಿತ್ತುಹಾಕಿ. ಆಂಟಿವೈರಸ್ ಎರಡೆರಡು ಯಾಕೆ? ವಿಂಡೋಸ್ ಜೊತೆಗೇ ಡಿಫೆಂಡರ್ ಬರುತ್ತದೆ, ಮನೆ ಬಳಕೆಗೆ ಅಷ್ಟು ಸಾಕು.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆಗೆದು, ಕಂಪ್ಯೂಟರ್ ಆನ್ ಆದಾಗ ತಾವೇ ಶುರುವಾಗುವ ಪ್ರೋಗ್ರಾಂಗಳ ಸ್ಟಾರ್ಟ್‌ಅಪ್ ಪಟ್ಟಿ ನೋಡಿ. ದಿನಾ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿ. ವಿಂಡೋಸ್ ಇರುವ ಸಿ ಡ್ರೈವ್ ತುಂಬಿ ತುಳುಕಲು ಬಿಡಬೇಡಿ. ಮದುವೆ ವಿಡಿಯೋಗಳನ್ನು ಬೇರೆ ಡಿಸ್ಕಿಗೆ ಹಾಕಿ. ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ. ದಿನಾ ಶಟ್‌ಡೌನ್ ಮಾಡ್ತೀನಲ್ಲ ಅನ್ನಬೇಡಿ. ಬೇಗ ಆನ್ ಆಗಲಿ ಎಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ, ರೀಸ್ಟಾರ್ಟ್‌ನಲ್ಲಿ ಆಗುತ್ತದೆ.

ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಅದರ ಜಾಗಕ್ಕೆ ಚಿಪ್‌ನಲ್ಲಿ ಫೈಲು ಇಡುವ ಎಸ್‌ಎಸ್‌ಡಿ ಹಾಕಿಸಿ. ಇಷ್ಟು ಫರಕು ಬೇರೆ ಯಾವ ಖರ್ಚಿನಲ್ಲೂ ಕಾಣುವುದಿಲ್ಲ. 4 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗಿನ ಮೆಮೊರಿ) ಇದ್ದರೆ 8ಕ್ಕೆ ಏರಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋಗುವಾಗ ಹಳೆ ರ‍್ಯಾಮ್ ಕಡ್ಡಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಅದರಲ್ಲಿ ತಲೆಮಾರುಗಳಿವೆ, ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹಳೆ ಅಭ್ಯಾಸದಿಂದ ಅದನ್ನು ಡಿಫ್ರ್ಯಾಗ್ (ಚದುರಿದ ಫೈಲು ತುಣುಕುಗಳನ್ನು ಒಟ್ಟಿಗೆ ಜೋಡಿಸುವುದು) ಮಾಡಲು ಹೋಗಬೇಡಿ, ಸುಮ್ನೆ ಸವೆಯುತ್ತದೆ.

ಇಷ್ಟನ್ನು ಯಾರಾದರೂ ಹೇಳುತ್ತಾರೆ. ಯಾರೂ ಮಾಡದ ಕೆಲಸ ಅಂದರೆ ಒಳಗಿನ ಧೂಳು ತೆಗೆಯುವುದು. ಆಯುಧ ಪೂಜೆಗೆ ಮಾನಿಟರಿಗೆ ಕುಂಕುಮ ಇಟ್ಟು ಹೂ ಮುಡಿಸುತ್ತೀರಿ, ಸಿಪಿಯು ಡಬ್ಬ ಬಿಚ್ಚುವುದಿಲ್ಲ. ನಮ್ಮ ಬೆಂಗಳೂರಿನಲ್ಲಿ ಒಂದು ಕಡೆ ಮೆಟ್ರೋ ಕೆಲಸ, ಇನ್ನೊಂದು ಕಡೆ ರಸ್ತೆ ಅಗೆತ. ಆ ಧೂಳೆಲ್ಲ ಫ್ಯಾನ್ ಎಳೆದುಕೊಳ್ಳುತ್ತದೆ. ಧೂಳು ಕಟ್ಟಿ ಗಾಳಿ ಆಡದೆ ಪ್ರೊಸೆಸರ್ (ಲೆಕ್ಕ ಮಾಡುವ ಮುಖ್ಯ ಚಿಪ್) ವಿಪರೀತ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ನೀವು ವೈರಸ್ ಅಂದುಕೊಳ್ಳುತ್ತೀರಿ.

ನಾನು ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ರೂಮಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಧೂಳು ಬರಬಾರದು ಅಂತ ಕಿಟಕಿಯನ್ನೂ ತೆಗೆಯುತ್ತಿರಲಿಲ್ಲ. ಈಗ ಅದೇ ಯಂತ್ರವನ್ನು ಶೂ ಸ್ಟ್ಯಾಂಡ್ ಪಕ್ಕದಲ್ಲಿ ಇಡುತ್ತಾರೆ!

ಮಾಡುವ ಕ್ರಮ ಹೇಳುತ್ತೇನೆ, ಸರಿಯಾಗಿ ಕೇಳಿ. ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಒಂದಷ್ಟು ಹೊತ್ತು ಹಿಡಿಯಿರಿ, ಒಳಗೆ ಉಳಿದ ಕರೆಂಟು ಹೋಗಲಿ. ಬಾಲ್ಕನಿಗೆ ತಂದು ಪಕ್ಕದ ತಗಡು ಬಿಚ್ಚಿ. ಬಣ್ಣ ಬಳಿಯದ ಲೋಹದ ಭಾಗ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲಿ, ಆಮೇಲೆ ಕೈ ಹಾಕಿ. ಚಿತ್ರ ಬಿಡಿಸುವ ಮೆತ್ತಗಿನ ಬ್ರಷ್ ಬೇಕು, ಹೊಸದೇ ಆಗಿರಲಿ. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಲ್ಲಿ ಅಲುಗದಂತೆ ಹಿಡಿದು ಒಂದೊಂದೇ ರೆಕ್ಕೆ ಒರೆಸಿ. ಹಿಡಿಯದೆ ಊದಿದರೆ ಅದು ಗರಗರ ತಿರುಗಿ ಬೇರಿಂಗ್ ಹಾಳಾಗಬಹುದು. ಫ್ಯಾನಿನ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳಿರುತ್ತವೆ. ಅವುಗಳ ಸಂದಿಯಲ್ಲಿ ಧೂಳು ಬೂದು ಕಂಬಳಿಯ ಹಾಗೆ ಒತ್ತಿಕೊಂಡಿರುತ್ತದೆ. ಅದನ್ನು ಚಿಮುಟದಿಂದ ಮೆಲ್ಲಗೆ ಎಳೆಯಿರಿ, ಇಡೀ ಪದರವೇ ಕೈಗೆ ಬರುತ್ತದೆ. ಉಳಿದದ್ದಕ್ಕೆ ಕ್ಯಾಮೆರಾ ಧೂಳು ಊದುವ ರಬ್ಬರ್ ಬ್ಲೋವರ್ ಒತ್ತಿ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಒದ್ದೆ ಬಟ್ಟೆ, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ. ಕರೆಂಟಿನ ವೈರು ಬಂದು ಸೇರುವ ಪವರ್ ಸಪ್ಲೈ ಡಬ್ಬವನ್ನು ಮಾತ್ರ ಬಿಚ್ಚಲೇಬಾರದು, ಪ್ಲಗ್ ಕಿತ್ತು ಬಟನ್ ಒತ್ತಿದರೂ ಅದರಲ್ಲಿ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರಬಹುದು.

ಮತ್ತೆ ಜೋಡಿಸಿದ ಮೇಲೆ ನೆಲದ ಮೇಲೆ ಇಡಬೇಡಿ, ಮಣೆ ಹಾಕಿ. ಗೋಡೆಗೆ ಒಂದು ಗೇಣು ಜಾಗ ಬಿಡಿ. ಕಸೂತಿ ಬಟ್ಟೆ ಹೊದಿಸುವ ಆಸೆಯಿದ್ದರೆ ಆಫ್ ಮಾಡಿ, ಬಿಸಿ ಆರಿದ ಮೇಲೆ ಹೊದಿಸಿ.