ಅರಿಶಿನ, ಸ್ಪಿರಿಟ್, ನೋಟು ಚೆಕ್ ಮಾಡೋ ಟಾರ್ಚು: ಫೋನ್ ಸ್ಕ್ರೀನಿನ ಎಕ್ಸಿಟಾನ್ ಆಟ ಮನೇಲೇ ನೋಡೋದು ಹೇಗೆ

ಕಾರವಾರದಲ್ಲಿ ಮಳೆಗಾಲ ಶುರುವಾದ್ರೆ ಕರೆಂಟು ಯಾವಾಗ ಹೋಗ್ತದೆ ಅಂತ ಹೇಳೋಕಾಗಲ್ಲ. ಪರವಾಗಿಲ್ಲ, ಈ ಪ್ರಯೋಗಕ್ಕೆ ಕತ್ತಲೆಯೇ ಬೇಕು. ಕೈಯಲ್ಲಿರೋ ಓಎಲ್‌ಇಡಿ ಫೋನ್ (ಸ್ಕ್ರೀನಿನ ಪ್ರತಿ ಚುಕ್ಕೆಯೂ ತಾನೇ ಬೆಳಗೋ ಥರದ್ದು) ಬೆಳಗೋದು ಕಾರ್ಬನ್ ಅಣುಗಳಿಂದ, ಅರಿಶಿನದ ಬಣ್ಣ ಬರೋದೂ ಅಂಥದ್ದೇ ಒಂದು ಕಾರ್ಬನ್ ಅಣುವಿಂದ, ಕರ್ಕ್ಯುಮಿನ್ ಅಂತ. ಎಕ್ಸಿಟಾನ್ ಅಂದ್ರೆ ಬೆಳಕಾಗೋ ಮುಂಚೆ ಇಂಥ ಅಣುಗಳಲ್ಲಿ ಓಡಾಡೋ ಶಕ್ತಿಯ ಗಂಟು, ವಿವರ ಮುಂದೆ ಬರ್ತದೆ. ಹಾಗಾಗಿ ಮೊದಲು ಅಡುಗೆಮನೆ, ಆಮೇಲೆ ಫೋನು.

ಸಾಮಾನು ಜಾಸ್ತಿ ಏನಿಲ್ಲ. ಅರಿಶಿನ ಕೊಂಬು ಒಂದು, ಸಿರ್ಸಿ ಕಡೆಯವರಾದ್ರೆ ಹಿತ್ತಲಲ್ಲೇ ಸಿಗ್ತದೆ (ಪ್ಯಾಕೆಟ್ ಪುಡಿಗೆ ಬಣ್ಣ ಬೆರೆಸಿರೋ ಚಾನ್ಸ್ ಇರ್ತದೆ, ಕೊಂಬೇ ವಾಸಿ), ಮೆಡಿಕಲ್ ಶಾಪಿನ ಸ್ಪಿರಿಟ್ ಸ್ವಲ್ಪ, ಅಂಗಡಿಯವರು ನೋಟು ಚೆಕ್ ಮಾಡೋ ನೇರಳೆ ಟಾರ್ಚು, ಬಂಗಾರದ ಕೆಲಸದವರು ಕಣ್ಣಿಗೆ ಇಟ್ಕೊಳ್ಳೋ ಲೆನ್ಸು.

ಮೊದಲನೇ ಸ್ಟೆಪ್. ಕೊಂಬು ತುರಿದು ಸ್ಪಿರಿಟ್‌ನಲ್ಲಿ ಹಾಕಿ ಹತ್ತು ನಿಮಿಷ ಬಿಡಿ, ಬಟ್ಟೇಲಿ ಸೋಸಿ. ಸ್ಪಿರಿಟ್ ಭಗ್ ಅಂತ ಹತ್ಕೊಳ್ತದೆ, ಕರೆಂಟ್ ಹೋಯ್ತು ಅಂತ ಪಕ್ಕದಲ್ಲಿ ಮೇಣದಬತ್ತಿ ಹಚ್ಚಿಡಬೇಡಿ ಮಾರಾಯ್ರೆ. ಟಾರ್ಚನ್ನ ಗ್ಲಾಸಿನ ಮೇಲೆ ಬಿಡಿ, ಯಾರ ಕಣ್ಣಿಗೂ ಬಿಡಬೇಡಿ. ಹಳದಿ ನೀರಿನಂಗಿದ್ದದ್ದು ಹಸಿರುಹಳದಿ ಬೆಳಕು ಕೊಡ್ತದೆ.

ಆಗಿದ್ದೇನಂದ್ರೆ, ಟಾರ್ಚಿನ ಬೆಳಕು ಅಣುವಿನ ಒಂದು ಎಲೆಕ್ಟ್ರಾನನ್ನ ಮೇಲಿನ ಮಟ್ಟಕ್ಕೆ ಎತ್ತಿತು, ಕೆಳಗೆ ಅದರ ಜಾಗ ಖಾಲಿ ಆಯ್ತು, ಆ ಖಾಲಿ ಜಾಗಕ್ಕೆ ಹೋಲ್ ಅಂತಾರೆ. ಎಲೆಕ್ಟ್ರಾನ್ ವಾಪಸ್ ಇಳಿಯುವಾಗ ಬೆಳಕು ಹೊರಬಂತು. ಒಂಟಿ ಅಣುವಿನಲ್ಲಿ ಇದಕ್ಕೆ ಉದ್ರೇಕಗೊಂಡ ಸ್ಥಿತಿ ಅಂತಾರೆ, ಘನ ಪದರದಲ್ಲಿ ಇದೇ ಜೋಡಿ ಒಂದು ಅಣುವಿಂದ ಪಕ್ಕದ ಅಣುವಿಗೆ ದಾಟ್ಕೊಂಡು ಹೋಗೋಕೆ ಶುರುಮಾಡಿದ್ರೆ ಅದೇ ಎಕ್ಸಿಟಾನ್, 1931ರಲ್ಲಿ ಭೌತವಿಜ್ಞಾನಿ ಯಾಕೋವ್ ಫ್ರೆಂಕೆಲ್ ಹೇಳಿದ್ದು. ಸಾವಯವ ಪದರದಲ್ಲಿ, ಅಂದ್ರೆ ಇಂಥ ಕಾರ್ಬನ್ ಅಣುಗಳ ಪದರದಲ್ಲಿ, ಇದು ಓಡಾಡೋದು ಸಾಮಾನ್ಯವಾಗಿ ಸುಮಾರು 10 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ಅಷ್ಟೇ, ಅಷ್ಟರೊಳಗೆ ಬೆಳಕಾಗಬೇಕು ಇಲ್ಲಾಂದ್ರೆ ಬಿಸಿಯಾಗಿ ಕಳೆದುಹೋಗ್ತದೆ.

ಸಿಲಿಕಾನ್‌ನಲ್ಲಿ ಈ ಜೋಡಿ ರೂಮಿನ ಬಿಸಿಗೇ ಬಿಟ್ಟುಹೋಗ್ತದೆ. ಸಾವಯವದಲ್ಲಿ ಹಾಗಲ್ಲ, ಮಾರಿಕಾಂಬಾ ಜಾತ್ರೆ ನೂಕುನುಗ್ಗಲಲ್ಲಿ ತಾಯಿ ಮಗುವಿನ ಕೈ ಹಿಡಿದಂಗೆ ಗಟ್ಟಿ ಹಿಡ್ಕೊಂಡಿರ್ತವೆ. ಬಿಡಿಸೋಕೆ ಸಾಮಾನ್ಯವಾಗಿ 0.3ರಿಂದ 1 ಎಲೆಕ್ಟ್ರಾನ್‌ವೋಲ್ಟ್ (ಅಣುಮಟ್ಟದ ಶಕ್ತಿ ಅಳೆಯೋ ಮಾನ) ಬೇಕು, ರೂಮಿನ ಬಿಸಿ ಕೊಡೋದು ಬರೀ 0.025.

ಎರಡನೇ ಸ್ಟೆಪ್ ನಂಗೆ ಎಲ್ಲಕ್ಕಿಂತ ಇಷ್ಟ. ಇನ್ನೊಂದು ಗ್ಲಾಸಲ್ಲಿ ಅದೇ ರಸವನ್ನ ಗಟ್ಟಿಯಾಗಿ ಮಾಡಿ, ಪಕ್ಕದಲ್ಲಿ ಒಣ ಪುಡಿ ಇಡಿ, ಮೂರಕ್ಕೂ ಟಾರ್ಚು ಬಿಡಿ. ಬಣ್ಣ ಜಾಸ್ತಿ ಇದ್ದಲ್ಲಿ ಬೆಳಕು ಜಾಸ್ತಿ ಬರಬೇಕಿತ್ತಲ್ವಾ? ಬರಲ್ಲ, ಪುಡಿಯಂತೂ ಮಂಕು. ಗಟ್ಟಿ ರಸದಲ್ಲಿ ಟಾರ್ಚಿನ ಬೆಳಕು ಒಳಗೆ ಇಳಿಯೋದೇ ಇಲ್ಲ ಅನ್ನೋದೂ ಒಂದು ಕಾರಣ, ಆದ್ರೆ ಅಣುಗಳು ಒತ್ತೊತ್ತಾಗಿ ಕೂತಾಗ ಶಕ್ತಿ ಒಂದರಿಂದ ಒಂದಕ್ಕೆ ದಾಟಿ ಎಲ್ಲೋ ಬಿಸಿಯಾಗಿ ಮುಗಿಯೋದೂ ಅದೆ. ಅದಕ್ಕೇ ಓಎಲ್‌ಇಡಿ ಮಾಡೋರು ಬೆಳಗೋ ಅಣುವನ್ನ ಒಂದೇ ರಾಶಿ ಸುರಿಯಲ್ಲ, ಹೋಸ್ಟ್ ಅನ್ನೋ ಬೇರೆ ಪದಾರ್ಥದೊಳಗೆ ನೂರಕ್ಕೆ ಕೆಲವು ಪಾಲು ಮಾತ್ರ ಬೆರೆಸ್ತಾರೆ. ಈಗ ತೆಳು ರಸಕ್ಕೆ ನೀರು ಹಾಕ್ತಾ ಹೋಗಿ, ಹೊಳಪು ಇಳೀತಾ ಬರ್ತದೆ, ನೀರಿನಲ್ಲಿ ಕರ್ಕ್ಯುಮಿನ್‌ಗೆ ಶಕ್ತಿ ಬಿಸಿಯಾಗಿ ಬಿಡೋ ದಾರಿ ಸಲೀಸಾಗ್ತದೆ. ನಿಜ ಹೇಳಬೇಕಂದ್ರೆ ಸ್ಪಿರಿಟ್‌ನಲ್ಲೂ ಕರ್ಕ್ಯುಮಿನ್ ದೊಡ್ಡ ಸಾಧಕ ಏನಲ್ಲ, ಹೀರಿದ್ದರಲ್ಲಿ ಬಹುಪಾಲು ಬಿಸಿಗೇ ಹೋಗ್ತದೆ.

ಮೂರನೇದಕ್ಕೆ ಗ್ಲಾಸ್ ಬೇಡ, ತಲೆ ಬೇಕು. ಟಾರ್ಚು ಬಿಟ್ಟಾಗ ಹುಟ್ಟೋದು ಸಿಂಗ್ಲೆಟ್ ಎಕ್ಸಿಟಾನ್, ಎಲೆಕ್ಟ್ರಾನ್, ಹೋಲ್ ಎರಡರ ಸ್ಪಿನ್‌ಗಳು (ಸ್ಪಿನ್ ಅಂದ್ರೆ ಕಣಕ್ಕಿರೋ ಪುಟ್ಟ ಅಯಸ್ಕಾಂತದಂಥ ಗುಣ) ಉಲ್ಟಾ ಇರ್ತವೆ, ನ್ಯಾನೋಸೆಕೆಂಡಲ್ಲಿ ಬೆಳಕಾಗಿಬಿಡ್ತದೆ. ಫೋನಲ್ಲಿ ಟಾರ್ಚಿಲ್ಲ, ಕರೆಂಟು. ಒಂದು ಕಡೆಯಿಂದ ಎಲೆಕ್ಟ್ರಾನು, ಇನ್ನೊಂದು ಕಡೆಯಿಂದ ಹೋಲು ಬಂದು ಮಧ್ಯದ ಪದರದಲ್ಲಿ ಸಿಗ್ತವೆ, ಸಿಕ್ಕಾಗ ಸ್ಪಿನ್ ಹೇಗಿರಬೇಕು ಅಂತ ಯಾರೂ ಹೇಳಿರಲ್ಲ, ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಂದು ಸಿಂಗ್ಲೆಟ್, ಮೂರು ಟ್ರಿಪ್ಲೆಟ್ (ಸ್ಪಿನ್‌ಗಳು ಉಲ್ಟಾ ಅಲ್ಲ, ಜೊತೆಯಾಗಿರೋ ಜೋಡಿ). ಟ್ರಿಪ್ಲೆಟ್ ಕೆಳಗಿಳಿಬೇಕಂದ್ರೆ ಸ್ಪಿನ್ ತಿರುಗಬೇಕು, ಸಾಮಾನ್ಯ ಕಾರ್ಬನ್ ಅಣುವಲ್ಲಿ ಅದು ಎಷ್ಟು ನಿಧಾನ ಅಂದ್ರೆ ಬೆಳಕಾಗೋ ಮುಂಚೆಯೇ ಶಕ್ತಿ ವೇಸ್ಟು. ಅಂದ್ರೆ ನೂರಕ್ಕೆ 75 ಹೋಯ್ತು! 1987ರಲ್ಲಿ ಕೊಡಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 10 ವೋಲ್ಟ್‌ಗಿಂತ ಕಮ್ಮೀಲಿ ಬೆಳಗೋ ತೆಳುಪದರದ ಓಎಲ್‌ಇಡಿ ತೋರಿಸಿದಾಗ, ಒಳಗೆ ಹೋದ ನೂರು ಎಲೆಕ್ಟ್ರಾನಿಗೆ ಹೊರಬಂದ ಫೋಟಾನು (ಬೆಳಕಿನ ಕಣ) ಸುಮಾರು ಒಂದು.

ಇದಕ್ಕೆ ದಾರಿ ಸಿಕ್ಕಿದ್ದು 1998ರಲ್ಲಿ, ಮಾರ್ಕ್ ಬಾಲ್ಡೋ, ಸ್ಟೀಫನ್ ಫಾರೆಸ್ಟ್, ಮಾರ್ಕ್ ಥಾಂಪ್ಸನ್ ಅವರ ತಂಡ ಪ್ಲಾಟಿನಂ ಇರೋ ಅಣು ಹಾಕಿ ನೋಡಿತು. ಪ್ಲಾಟಿನಂ, ಇರಿಡಿಯಂ ಥರದ ಭಾರದ ಪರಮಾಣು ಪಕ್ಕದಲ್ಲಿದ್ರೆ ಸ್ಪಿನ್ ತಿರುಗೋದು ಸುಲಭ, ಟ್ರಿಪ್ಲೆಟ್ಟೂ ಬೆಳಕಾಗ್ತದೆ. ಆಮೇಲೆ 2012ರಲ್ಲಿ ಜಪಾನಿನ ಕ್ಯೂಶು ಯೂನಿವರ್ಸಿಟಿಯ ಚಿಹಾಯಾ ಅದಾಚಿ ತಂಡ ಭಾರದ ಲೋಹವೇ ಇಲ್ದೆ ಮಾಡಿ ತೋರಿಸ್ತು, ಸಿಂಗ್ಲೆಟ್ ಟ್ರಿಪ್ಲೆಟ್ ನಡುವಿನ ಗ್ಯಾಪ್ ಎಷ್ಟು ಸಣ್ಣ ಮಾಡಿದ್ರು ಅಂದ್ರೆ ರೂಮಿನ ಬಿಸಿಯೇ ಟ್ರಿಪ್ಲೆಟ್ಟನ್ನ ಮೇಲಕ್ಕೆ ದೂಡಿ ಸಿಂಗ್ಲೆಟ್ ಮಾಡ್ತದೆ. ನಂಗೆ ಇದು ಹೆಚ್ಚು ಜಾಣ ಉಪಾಯ ಅನ್ಸುತ್ತೆ.

ನಾಲ್ಕನೇ ಸ್ಟೆಪ್, ಫೋನು. ಕತ್ತಲೆ ಕೋಣೇಲಿ ಪೂರ್ತಿ ಕಪ್ಪು ಫೋಟೋ ಸ್ಕ್ರೀನ್ ತುಂಬಾ ಹಾಕಿ, ಸ್ಕ್ರೀನ್ ಆಫ್ ಆದಂಗೆ ಕಂಡ್ರೆ ಓಎಲ್‌ಇಡಿ, ಹಿಂದಿನ ದೀಪದ ಬೂದಿ ಬೆಳಕು ಸೋರಿದ್ರೆ ಎಲ್‌ಸಿಡಿ. ಓಎಲ್‌ಇಡಿ ಆದ್ರೆ ಬಿಳಿ ಫೋಟೋ ಹಾಕಿ ಲೆನ್ಸಲ್ಲಿ ನೋಡಿ. ಹಲವು ಫೋನುಗಳಲ್ಲಿ ಹಸಿರು ಚುಕ್ಕೆ ಸಣ್ಣದು, ನೀಲಿ ದೊಡ್ಡದು. ಕಾರಣ ಏನಪ್ಪಾ ಅಂದ್ರೆ ನೀಲಿ ಎಕ್ಸಿಟಾನಿನ ಶಕ್ತಿ ಸುಮಾರು 2.7 ಎಲೆಕ್ಟ್ರಾನ್‌ವೋಲ್ಟ್, ಎರಡು ಡಿಕ್ಕಿ ಹೊಡೆದು ಶಕ್ತಿ ಒಂದಕ್ಕೇ ಸೇರಿದ್ರೆ ಅಣುವಿನ ಬಂಧವೇ ಮುರೀಬಹುದು. ಚುಕ್ಕೆ ದೊಡ್ಡದಿದ್ರೆ ಎಕ್ಸಿಟಾನ್ ಗುಂಪು ತೆಳು, ಡಿಕ್ಕಿ ಕಮ್ಮಿ. ಬ್ರೈಟ್‌ನೆಸ್ ಯಾವಾಗ್ಲೂ ಫುಲ್ ಇಡೋರು ಈ ಡಿಕ್ಕಿ ಜಾಸ್ತಿ ಮಾಡ್ತಿದ್ದಾರೆ ಅಷ್ಟೇ.

ಕರಾವಳಿಯವರಿಗೆ ಇನ್ನೊಂದು ವಿಷಯ. ಓಎಲ್‌ಇಡಿ ಸ್ಕ್ರೀನ್ ಒಡೆದು ಬಿರುಕು ಒಳಗಿನ ಸೀಲ್ ತನಕ ಹೋದ್ರೆ ಅಂಚಿಂದ ಕಪ್ಪು ಕಲೆ ಹರಡ್ತಾ ಬರ್ತದೆ. ಗಾಳಿಯ ತೇವ ಒಳಗೆ ನುಗ್ಗಿ ಲೋಹದ ಪದರ ಕೆಡ್ತದೆ, ಎಲೆಕ್ಟ್ರಾನ್ ಒಳಗೆ ಬರೋದೇ ನಿಲ್ತದೆ, ಅಲ್ಲಿ ಎಕ್ಸಿಟಾನ್ ಹುಟ್ಟೋದೇ ಇಲ್ಲ. ಅಕ್ಕಿ ಡಬ್ಬಿಯಲ್ಲಿ ಇಟ್ರೆ ಕೆಟ್ಟ ಪದರ ವಾಪಸ್ ಬರಲ್ಲ, ಕಲೆ ಸಣ್ಣದಿರುವಾಗ್ಲೇ ಫೋಟೋ, ಕಾಂಟ್ಯಾಕ್ಟು ಎಲ್ಲಾ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ.